ನಾಲ್ಕು ಅಂಗೈಯಗಲದ ಮೇಲೆ

ಕಾರು ತೋರಿಸಲು ಬಂದ ಹುಡುಗ ಬಾನೆಟ್ ಎತ್ತಿ ನಿಂತಿದ್ದ. ತೊಳೆದು ಒರೆಸಿ ಎಂಜಿನ್ನು ಫಳಫಳ ಹೊಳೆಯುವಂತೆ ಮಾಡಿದ್ದರು. ನಾನು ಮಾತ್ರ ಹಿಂದಿನ ಎಡಚಕ್ರದ ಪಕ್ಕ ಮಂಡಿಯೂರಿ ಕೂತು, ಮೊಬೈಲಿನ ಟಾರ್ಚ್ ಹಾಕಿಕೊಂಡು ಟೈರಿನ ಪಕ್ಕೆಯ ಮೇಲಿದ್ದ ಅಕ್ಷರಗಳನ್ನು ಓದುತ್ತಿದ್ದೆ. ಡಿ.ಒ.ಟಿ. ಎಂದು ಶುರುವಾಗುವ ಒಂದು ಸಾಲು. ಅದರ ತುದಿಯಲ್ಲಿ ಪುಟ್ಟ ಚೌಕಟ್ಟಿನೊಳಗೆ ನಾಲ್ಕು ಅಂಕಿ: 3616. ಅಂದರೆ 2016ರ 36ನೇ ವಾರ. ಆ ವರ್ಷದ ಸೆಪ್ಟೆಂಬರಿನಲ್ಲಿ ಅಚ್ಚಿನಿಂದ ಹೊರಬಂದ ಟೈರು. ನಾವು ನಿಂತಿದ್ದದ್ದು 2023ರ ಮೇ ತಿಂಗಳಿನಲ್ಲಿ.

"ಟೈರೆಲ್ಲಾ ಹೊಸದಿದ್ದಂಗಿದೆ ಸಾರ್, ಬಟನ್ ನೋಡಿ" ಅಂದ ಹುಡುಗ.

ಬಟನ್ ಇದ್ದದ್ದು ನಿಜ. ಟೈರಿನ ಮೈಮೇಲಿನ ಉಬ್ಬು ಅಚ್ಚಿಗೆ ಪಂಕ್ಚರ್ ಅಂಗಡಿಗಳಲ್ಲಿ ಬಟನ್ ಅಂತಲೇ ಹೆಸರು. ಕರ್ಚೀಫಿನಿಂದ ಕಪ್ಪು ಪಾಲಿಶ್ ಒರೆಸಿ ನೋಡಿದೆ. ಬಟನ್ನುಗಳ ನಡುವಿನ ಗೆರೆಗಳ ತಳದಲ್ಲಿ ಕೂದಲೆಳೆಯಷ್ಟು ಸಣ್ಣ ಬಿರುಕುಗಳು, ಬೇಸಿಗೆಯಲ್ಲಿ ಬತ್ತಿದ ಕೆರೆಯಂಗಳ ಬಿರಿದ ಹಾಗೆ. ಉಗುರಿನಿಂದ ಒತ್ತಿದರೆ ರಬ್ಬರು ಕೊಂಚವೂ ಒಳಗೆ ಹೋಗಲಿಲ್ಲ. ಮುಂದಿನ ಎರಡು ಟೈರು ಬೇರೆ ಕಂಪನಿಯವು, 2019ರವು. ಹಿಂದಿನ ಮಾಲೀಕರು ಕಾರನ್ನು ಹೆಚ್ಚು ಓಡಿಸಿರಲಿಲ್ಲ. ಹಾಗಾಗಿ ಟೈರು ಸವೆದಿರಲಿಲ್ಲ, ಮುದಿಯಾಗಿತ್ತು.

ಕಾರು ಬಿಎಂಡಬ್ಲ್ಯು 320ಡಿ, 2014ರದು. ಕೊಂಡವರು ಬೆಂಗಳೂರಿನವರು, ಜೋಡಣೆಯಾದದ್ದು ಚೆನ್ನೈ ಹತ್ತಿರದ ಕಾರ್ಖಾನೆಯಲ್ಲಿ. ಚೌಕಾಸಿ ಮಾಡಿ, ಟೈರಿನ ಹೆಸರಿನಲ್ಲಿ ಒಂದಿಷ್ಟು ಇಳಿಸಿ, ಹಾಸನದ ಮನೆಗೆ ತಂದೆ. ಆಮೇಲೆ ದೊಡ್ಡ ತಪ್ಪೊಂದನ್ನು ಮಾಡಿದೆ. ಟೈರಿಗೆಂದು ಇಳಿಸಿಕೊಂಡ ಹಣವನ್ನು ಟೈರಿಗೆ ಹಾಕಲಿಲ್ಲ. ದೀಪಾವಳಿ ಹೊತ್ತಿಗೆ ನೋಡೋಣ ಎಂದುಕೊಂಡೆ.

ಜುಲೈನಲ್ಲಿ ಮಂಗಳೂರಿಗೆ ಹೊರಟಿದ್ದೆ. ಸಕಲೇಶಪುರ ದಾಟಿ ಶಿರಾಡಿ ಇಳಿಯುವಾಗ ಸಣ್ಣಗೆ ಜಿಟಿಜಿಟಿ ಮಳೆ. ವೇಗ ನಲವತ್ತೂ ಇರಲಿಲ್ಲ. ಎಡಕ್ಕೆ ತಿರುಗುವ ಒಂದು ತಿರುವಿನಲ್ಲಿ ಕಾರಿನ ಹಿಂಭಾಗ ತನ್ನ ಪಾಡಿಗೆ ತಾನು ಬಲಕ್ಕೆ ಹೊರಟಿತು. ಡ್ಯಾಶ್‌ಬೋರ್ಡಿನಲ್ಲಿ ಹಳದಿ ದೀಪ ಪಟಪಟ ಮಿನುಗಿತು, ಒಂದು ಚಕ್ರಕ್ಕೆ ತಾನಾಗಿಯೇ ಬ್ರೇಕ್ ಬಿದ್ದು ಕಾರು ನೆಟ್ಟಗಾಯಿತು. ಎದುರಿನಿಂದ ಬರುತ್ತಿದ್ದ ಟ್ಯಾಂಕರಿನ ಚಾಲಕ ದೀಪ ಹಾಕಿ ಆರಿಸಿ ಹೋದ. ಇಷ್ಟಕ್ಕೂ ಹಿಡಿದದ್ದು ಎರಡು ಸೆಕೆಂಡ್ ಇರಬಹುದು. ಗುಂಡ್ಯದಲ್ಲಿ ನಿಲ್ಲಿಸಿ ಚಹಾ ಕುಡಿಯುವಾಗ ಲೋಟ ಹಿಡಿದ ಕೈ ನಡುಗುತ್ತಿತ್ತು. ಈ ಲೇಖನ ಬರೆಯಲು ಕಾರಣ ಆ ತಿರುವು.

ಸೆಕೆಂಡ್ ಹ್ಯಾಂಡ್ ಮಾರುಕಟ್ಟೆಯಲ್ಲಿ ಇಂಥ ಡೀಸೆಲ್ ಸೆಡಾನುಗಳು ಈಗ ಬೇಕಾದಷ್ಟು ಸಿಗುತ್ತವೆ. ಮಧ್ಯಮ ವರ್ಗದವರು ಹೊಸ ಸಣ್ಣ ಕಾರಿಗೆ ಕೊಡುವ ಹಣಕ್ಕೆ ಹತ್ತು ವರ್ಷದ ಹಳೆಯ 320ಡಿ ಮನೆಗೆ ಬರುತ್ತದೆ. ಆಸೆ ಸಹಜ, ಅದು ತಪ್ಪೂ ಅಲ್ಲ. ಆದರೆ ಇಳಿದಿರುವುದು ಕಾರಿನ ಬೆಲೆ ಮಾತ್ರ. ಅದರ ಬ್ರೇಕ್ ಪ್ಯಾಡ್, ಬುಷ್, ಇಂಜೆಕ್ಟರ್, ಟೈರುಗಳ ಬೆಲೆ ಇಳಿದಿಲ್ಲ. ಅರ್ಧ ಬೆಲೆಗೆ ಸಿಕ್ಕಿತೆಂದು ಆನೆ ತಂದವನಿಗೆ ಅರ್ಧ ಹೊರೆ ಹುಲ್ಲು ಹಾಕಿ ಸಾಕಲಾಗುವುದಿಲ್ಲ. ಖರ್ಚನ್ನು ಎಲ್ಲಿಂದ ಶುರು ಮಾಡಬೇಕು ಎಂದು ಯಾರಾದರೂ ಕೇಳಿದರೆ ನಾನು ನೆಲದಿಂದ ಎನ್ನುತ್ತೇನೆ.

ಯಾಕೆ ಈ ಕಾರು

ಡೀಸೆಲ್ ಎಂದರೆ ಲಾರಿ, ಬಸ್ಸು, ಪಂಪ್‌ಸೆಟ್ ಎಂದೇ ತಿಳಿದು ಬೆಳೆದವರು ನಾವು. ಆ ತಿಳಿವಳಿಕೆಯನ್ನು ಬದಲಾಯಿಸಿದ ಒಂದು ದಿನ ಇದೆ. 1998ರಲ್ಲಿ ಜರ್ಮನಿಯ ನ್ಯೂರ್‌ಬರ್ಗ್‌ರಿಂಗ್‌ನಲ್ಲಿ ನಡೆದ 24 ಗಂಟೆಗಳ ರೇಸನ್ನು ಒಂದು ಬಿಎಂಡಬ್ಲ್ಯು 320ಡಿ ಗೆದ್ದಿತು. ಹಗಲೂ ರಾತ್ರಿ ಓಡುವ ಅಂಥ ರೇಸೊಂದನ್ನು ಡೀಸೆಲ್ ಕಾರು ಗೆದ್ದದ್ದು ಅದೇ ಮೊದಲು. ಅದಕ್ಕಿಂತ ವೇಗದ ಪೆಟ್ರೋಲ್ ಕಾರುಗಳು ಅಲ್ಲಿದ್ದವು. ಅವು ಪದೇ ಪದೇ ಇಂಧನ ತುಂಬಿಸಿಕೊಳ್ಳಲು ನಿಲ್ಲುತ್ತಿದ್ದಾಗ ಇದು ಓಡುತ್ತಲೇ ಇತ್ತು.

ಆ ಗುಣ ನನ್ನ ಕಾರಿನಲ್ಲೂ ಇದೆ. ಎರಡು ಲೀಟರಿನ ಎಂಜಿನ್, 184 ಅಶ್ವಶಕ್ತಿ, 380 ನ್ಯೂಟನ್ ಮೀಟರ್ ಎಳೆತ, ಶಕ್ತಿ ಹೋಗುವುದು ಹಿಂದಿನ ಚಕ್ರಗಳಿಗೆ. ಎಳೆತವೆಲ್ಲ 1750 ಸುತ್ತಿಗೇ ಸಿಕ್ಕಿಬಿಡುವುದರಿಂದ ಘಟ್ಟ ಹತ್ತುವಾಗ ಎಂಜಿನ್ ಕಿರುಚುವುದಿಲ್ಲ. ಚನ್ನರಾಯಪಟ್ಟಣ ದಾಟಿ ಖಾಲಿ ರಸ್ತೆ ಸಿಕ್ಕಿತೆಂದರೆ ಎಂಟನೇ ಗೇರಿನಲ್ಲಿ ಎಂಜಿನ್ ಗುನುಗುತ್ತಾ ಹೋಗುತ್ತದೆ. ನನ್ನ ಕೈಯಲ್ಲಿ ಹೆದ್ದಾರಿಯಲ್ಲಿ ಲೀಟರಿಗೆ 18 ಕಿ.ಮೀ. ಸಿಕ್ಕಿದ ದಿನಗಳಿವೆ. ಈ ಕಾರನ್ನು ನಾನು ನಿಜವಾಗಿ ಪ್ರೀತಿಸುತ್ತೇನೆ.

ಸುಮಾರು ಒಂದೂವರೆ ಟನ್ ತೂಕದ ಆ ಕಾರನ್ನು ನೆಲಕ್ಕೆ ಹಿಡಿದಿಟ್ಟಿರುವುದು ಎಷ್ಟು ಜಾಗ? ಲೆಕ್ಕ ಸರಳ. ಒಂದೊಂದು ಚಕ್ರದ ಮೇಲೆ ಹತ್ತಿರಹತ್ತಿರ 375 ಕೆ.ಜಿ. ಭಾರ, ಒಳಗಿನ ಗಾಳಿಯ ಒತ್ತಡ ಸುಮಾರು 32 ಪಿಎಸ್‌ಐ. ಭಾಗಿಸಿದರೆ ಟೈರೊಂದಕ್ಕೆ 160-170 ಚದರ ಸೆಂಟಿಮೀಟರ್ ಬರುತ್ತದೆ. ಬೆರಳು ಸೇರಿಸಿ ಚಾಚಿದ ಒಂದು ಅಂಗೈಯಷ್ಟು. ವೇಗ ಹಿಡಿಯುವುದು, ತಿರುಗುವುದು, ನಾಯಿ ಅಡ್ಡ ಬಂದಾಗ ನಿಲ್ಲುವುದು, ಎಲ್ಲವೂ ಆ ನಾಲ್ಕು ಅಂಗೈಗಳ ಕೆಲಸ. ಬ್ರೇಕ್ ಎಷ್ಟೇ ಒಳ್ಳೆಯದಿರಲಿ, ಅದು ಚಕ್ರವನ್ನು ನಿಲ್ಲಿಸಬಹುದು. ಕಾರನ್ನು ನಿಲ್ಲಿಸಬೇಕಾದದ್ದು ರಬ್ಬರು.

ಪಕ್ಕೆಯ ಮೇಲಿನ ಬರಹ

ಮಂಗಳೂರಿನಿಂದ ಹಿಂದಿರುಗಿದ ಮೂರನೇ ದಿನ ಹಾಸನದ ಟೈರ್ ಅಂಗಡಿಯಲ್ಲಿದ್ದೆ. ಅಂಗಡಿಯ ಯಜಮಾನರಿಗೆ ಅರವತ್ತರ ಮೇಲೆ ವಯಸ್ಸು. ಲಾರಿ ಟೈರುಗಳ ಕಾಲದಿಂದ ಈ ಕೆಲಸದಲ್ಲಿರುವವರು. ಬಂದವರಿಗೆಲ್ಲ ಮೊದಲು ಅವರು ಕೇಳುವುದು ಕಾರು ಯಾವುದು ಎಂದಲ್ಲ, ಓಡಿಸುವುದು ಎಲ್ಲಿ ಎಂದು.

"ಘಟ್ಟದ ಕಡೆ ಜಾಸ್ತಿ ಓಡಾಡ್ತೀರಾ ಸಾರ್? ಮಳೆಗಾಲದಲ್ಲೂ?"

"ತಿಂಗಳಿಗೆ ಎರಡು ಸಲ ಹೋಗ್ತೀನಿ ಭಾಯ್."

"ಹಂಗಾದ್ರೆ ಎಷ್ಟು ಕಿಲೋಮೀಟರ್ ಬಾಳಿಕೆ ಬರುತ್ತೆ ಅಂತ ಕೇಳಬೇಡಿ. ನೀರಲ್ಲಿ ಹಿಡಿಯುತ್ತಾ ಅಂತ ಕೇಳಿ."

ಟೈರ್ ಆಯ್ಕೆಯ ಮುಕ್ಕಾಲು ಪಾಲು ಈ ಒಂದು ಮಾತಿನಲ್ಲಿದೆ. ಗಟ್ಟಿ ರಬ್ಬರು ಹೆಚ್ಚು ದಿನ ಬಾಳುತ್ತದೆ, ಆದರೆ ಒದ್ದೆ ರಸ್ತೆಯಲ್ಲಿ ಜಾರುತ್ತದೆ. ಮೆದು ರಬ್ಬರು ಹಿಡಿಯುತ್ತದೆ, ಬೇಗ ಸವೆಯುತ್ತದೆ. ಸಿಲಿಕಾ ಬೆರೆಸಿದ ಈಗಿನ ರಬ್ಬರು ಈ ಎರಡರ ನಡುವಿನ ಅಂತರವನ್ನು ಕಡಿಮೆ ಮಾಡಿದೆಯೇ ಹೊರತು ಅಳಿಸಿಲ್ಲ. ಹಲವು ಟೈರುಗಳ ಪಕ್ಕೆಯಲ್ಲಿ ಟ್ರೆಡ್‌ವೇರ್ ಎಂಬ ಸಂಖ್ಯೆಯೂ ಟ್ರಾಕ್ಷನ್ ಎಂಬ ಅಕ್ಷರವೂ ಇರುತ್ತವೆ. ಸಂಖ್ಯೆ ದೊಡ್ಡದಾದಷ್ಟೂ ಬಾಳಿಕೆ. ಅಕ್ಷರ ಹೇಳುವುದು ಒದ್ದೆ ನೆಲದಲ್ಲಿ ಬ್ರೇಕ್ ಹಾಕಿದಾಗಿನ ಹಿಡಿತವನ್ನು: ಎಎ ಅತ್ಯುತ್ತಮ, ಆಮೇಲೆ ಎ, ಬಿ, ಸಿ. ಸಂಖ್ಯೆಯನ್ನು ನೋಡಿ ಕೊಳ್ಳುವವರೇ ಹೆಚ್ಚು. ಪಶ್ಚಿಮ ಘಟ್ಟದ ಅಂಚಿನಲ್ಲಿ ಬದುಕುವವರು ಅಕ್ಷರ ನೋಡಬೇಕು.

ಅಳತೆಯ ವಿಷಯ ಬೇರೆ. ನನ್ನ ಕಾರಿನದು 225/50 ಆರ್17 94ಡಬ್ಲ್ಯು. 225 ಎಂದರೆ ಮಿಲಿಮೀಟರಿನಲ್ಲಿ ಟೈರಿನ ಅಗಲ. 50 ಎಂದರೆ ಪಕ್ಕೆಯ ಎತ್ತರ ಆ ಅಗಲದ ಶೇ 50ರಷ್ಟು, ಅಂದರೆ 112.5 ಮಿ.ಮೀ. ಆರ್ ಎಂದರೆ ರೇಡಿಯಲ್, 17 ಎಂದರೆ ರಿಮ್ಮಿನ ಇಂಚು. 94 ಭಾರದ ಸಂಕೇತ, ಟೈರೊಂದು 670 ಕೆ.ಜಿ. ಹೊರಬಲ್ಲದು. ಡಬ್ಲ್ಯು ವೇಗದ ಸಂಕೇತ, ಗಂಟೆಗೆ 270 ಕಿ.ಮೀ. "ನಮ್ಮ ರಸ್ತೇಲಿ ಅಷ್ಟು ವೇಗ ಯಾರು ಹೋಗ್ತಾರೆ, ಕಡಿಮೆ ಅಕ್ಷರದ್ದು ಹಾಕ್ಸಿ" ಎಂದು ಸಲಹೆ ಕೊಡುವವರಿದ್ದಾರೆ. ವೇಗದ ಅಕ್ಷರ ಬರೀ ವೇಗದ್ದಲ್ಲ. ಎಷ್ಟು ಬಿಸಿಯನ್ನು ಟೈರು ತಡೆದುಕೊಳ್ಳುತ್ತದೆ ಎಂಬುದನ್ನೂ ಅದು ಹೇಳುತ್ತದೆ. ಏಪ್ರಿಲ್ ಮಧ್ಯಾಹ್ನ ನಾಲ್ಕು ಜನ, ಡಿಕ್ಕಿ ತುಂಬ ಸಾಮಾನು ಇಟ್ಟುಕೊಂಡು ಎರಡು ಗಂಟೆ ಒಂದೇ ಸಮನೆ ನೂರರಲ್ಲಿ ಓಡುವ ಕಾರಿಗೆ ಆ ತಾಳಿಕೆ ಬೇಕು. ಚಾಲಕನ ಬಾಗಿಲು ತೆರೆದರೆ ಕಂಬದ ಮೇಲೆ ಒಂದು ಚೀಟಿ ಅಂಟಿಸಿರುತ್ತದೆ. ಅದರಲ್ಲಿರುವ ಭಾರದ ಅಂಕಿ, ವೇಗದ ಅಕ್ಷರಗಳಿಗಿಂತ ಕೆಳಗಿನದನ್ನು ಹಾಕಿಸಲೇಬಾರದು.

ಹಂಪ್‌ಗಳಿಗೆ ಹೆದರಿ 225/55 ಹಾಕಿಸುವವರೂ ಉಂಟು. ಲೆಕ್ಕ ಹಾಕಿ: ಮೂಲ ಟೈರಿನ ಒಟ್ಟು ವ್ಯಾಸ ಸುಮಾರು 657 ಮಿ.ಮೀ., ಇದರದ್ದು 679. ಕಾರು ನೆಲದಿಂದ ಮೇಲೇಳುವುದು ಬರೀ ಒಂದು ಸೆಂಟಿಮೀಟರಿನಷ್ಟು. ಅದಕ್ಕೆ ತೆರುವ ಬೆಲೆ ಏನೆಂದರೆ, ಮೀಟರು ತೋರಿಸುವುದಕ್ಕಿಂತ ಶೇ 3ಕ್ಕೂ ಹೆಚ್ಚು ವೇಗದಲ್ಲಿ ನೀವು ಓಡುತ್ತಿರುತ್ತೀರಿ, ಪೂರ್ತಿ ತಿರುಗಿಸಿದಾಗ ಟೈರು ಒಳಗಿನ ಪ್ಲಾಸ್ಟಿಕ್ಕಿಗೆ ಉಜ್ಜಲೂಬಹುದು. ನನಗೆ ಈ ವ್ಯಾಪಾರ ಒಪ್ಪಿತವಲ್ಲ.

ಇನ್ನು ದೊಡ್ಡ ಪ್ರಶ್ನೆ, ರನ್‌ಫ್ಲಾಟ್. ಈ ಕಾರುಗಳು ಕಾರ್ಖಾನೆಯಿಂದ ಬರುವುದು ಆ ಟೈರುಗಳಲ್ಲಿ. ಪಕ್ಕೆಯ ರಬ್ಬರು ಎಷ್ಟು ದಪ್ಪವೆಂದರೆ ಗಾಳಿ ಪೂರ್ತಿ ಹೋದರೂ ಗಂಟೆಗೆ 80 ಕಿ.ಮೀ. ಮೀರದಂತೆ 80 ಕಿ.ಮೀ. ದೂರ ಓಡಿಸಬಹುದು. ಅದನ್ನು ನಂಬಿ ಡಿಕ್ಕಿಯಲ್ಲಿ ಸ್ಟೆಪ್ನಿಗೆಂದು ಗುಂಡಿಯನ್ನೇ ಕೊಟ್ಟಿಲ್ಲ. ಜರ್ಮನಿಯ ರಸ್ತೆಗೆ ಇದು ಸರಿಹೋಯಿತು. ನಮ್ಮಲ್ಲಿ ಮಳೆಗಾಲ ಮುಗಿಯುವ ಹೊತ್ತಿಗೆ ಬೀಳುವ ಚೂಪಂಚಿನ ಗುಂಡಿಗಳಿಗೆ ಆ ಗಟ್ಟಿ ಪಕ್ಕೆ ಬಗ್ಗುವುದಿಲ್ಲ. ಹೊಡೆತ ನೇರ ರಿಮ್ಮಿಗೆ, ಅಲ್ಲಿಂದ ಬುಷ್ಷಿಗೆ, ಅಲ್ಲಿಂದ ಬೆನ್ನಿಗೆ. ಪಕ್ಕೆಯೊಳಗಿನ ದಾರ ಹರಿದು ಹೊರಗೆ ನಿಂಬೆಹಣ್ಣಿನಷ್ಟು ಬಬಲ್ ಎದ್ದರೆ ಆ ಟೈರಿನ ಆಯಸ್ಸು ಮುಗಿದಂತೆ. ಬಬಲ್ ಎದ್ದ ಟೈರನ್ನು "ಊರು ಮುಟ್ಟಲಿ" ಎಂದು ಹೆದ್ದಾರಿಯಲ್ಲಿ ಓಡಿಸಬೇಡಿ, ಕೈಮುಗಿದು ಕೇಳುತ್ತೇನೆ.

ನಾನು ಸಾಮಾನ್ಯ ಟೈರಿಗೆ ಬದಲಾದೆ. ಕಾರು ಮೃದುವಾಯಿತು, ಹಂಪ್‌ಗಳಲ್ಲಿ ಧಡ್ ಎನ್ನುವುದು ನಿಂತಿತು, ದುಡ್ಡೂ ಉಳಿಯಿತು. ಬದಲಿಗೆ ಡಿಕ್ಕಿಯಲ್ಲಿ ಒಂದು ತೆಳು ಸ್ಟೆಪ್ನಿ, ಜಾಕು, ಗಾಳಿ ತುಂಬುವ ಪುಟ್ಟ ಪಂಪು ಸದಾ ಇರುತ್ತವೆ. ಊರಿಗೆ ಹೋಗುವಾಗ ತೆಂಗಿನಕಾಯಿ ಚೀಲಕ್ಕೆ ಜಾಗ ಕಡಿಮೆಯಾಗಿದೆ. ಆದರೆ ಒಬ್ಬರೇ ರಾತ್ರಿ ಹೊತ್ತು ದೂರ ಓಡಿಸುವವರು, ಕತ್ತಲಲ್ಲಿ ಕೆಳಗಿಳಿದು ಚಕ್ರ ಬಿಚ್ಚಲು ಆಗದ ಹಿರಿಯರು ರನ್‌ಫ್ಲಾಟಿನಲ್ಲೇ ಉಳಿದರೆ ಅದು ಸರಿಯಾದ ನಿರ್ಧಾರ. ನಾಲ್ಕರಲ್ಲಿ ಎರಡು ಅದು, ಎರಡು ಇದು ಎಂದು ಬೆರೆಸುವುದು ಮಾತ್ರ ಬೇಡ.

ಸ್ಟೆಪ್ನಿ ಎಂದಾಗ ನೆನಪಾಯಿತು. ನಾವು ದಿನಬೆಳಗಾದರೆ ಬಳಸುವ ಈ ಮಾತು ಒಂದು ಬೀದಿಯ ಹೆಸರು. ವೇಲ್ಸ್ ದೇಶದ ಲ್ಯಾನೆಲ್ಲಿ ಪಟ್ಟಣದ ಸ್ಟೆಪ್ನಿ ಬೀದಿಯಲ್ಲಿ ಇಪ್ಪತ್ತನೇ ಶತಮಾನದ ಆರಂಭದಲ್ಲಿ ಡೇವಿಸ್ ಸಹೋದರರು ಹೆಚ್ಚುವರಿ ಚಕ್ರ ಮಾಡಿ ಮಾರತೊಡಗಿದರು. ಇಂಗ್ಲಿಷರೇ ಆ ಹೆಸರನ್ನು ಮರೆತಿದ್ದಾರೆ. ನಮ್ಮ ಗ್ಯಾರೇಜುಗಳು ಉಳಿಸಿಕೊಂಡಿವೆ.

ಟೈರು ಮಾಡುವ ಕೆಲಸವೂ ನಮಗೆ ಹೊಸದಲ್ಲ. ಮೈಸೂರಿನ ವಿಕ್ರಾಂತ್ ಹೆಸರಿನ ಟೈರುಗಳನ್ನು ನೋಡದ ಲಾರಿಯವರಿರಲಿಲ್ಲ. ಆ ಕಾರ್ಖಾನೆ 1997ರಲ್ಲಿ ಜೆ.ಕೆ. ಟೈರ್ ಕೈಸೇರಿತು, ಈಗಲೂ ನಡೆಯುತ್ತಿದೆ. ಆದರೆ ದೊಡ್ಡ ರಿಮ್ಮಿನ ಯುರೋಪಿನ ಕಾರುಗಳ ಅಳತೆಗಳಿಗೆ ಬಹುಕಾಲ ಆಮದನ್ನೇ ನೆಚ್ಚಿದ್ದೆವು. 2020ರ ಜೂನ್‌ನಲ್ಲಿ ಕೇಂದ್ರ ಸರ್ಕಾರ ಹೊಸ ಟೈರುಗಳ ಆಮದಿಗೆ ಪರವಾನಗಿ ಬೇಕೆಂದು ನಿರ್ಬಂಧ ಹಾಕಿತು. ಕೆಲವು ಅಳತೆಗಳು ಅಂಗಡಿಯಿಂದ ಮಾಯವಾದವು, ಉಳಿದವುಗಳ ಬೆಲೆ ಏರಿತು. ಕಾರು ಕೊಳ್ಳುವ ಮೊದಲು ಅದರ ಟೈರಿನ ಅಳತೆಯನ್ನು ಚೀಟಿಯಲ್ಲಿ ಬರೆದುಕೊಂಡು ಹತ್ತಿರದ ಎರಡು ಅಂಗಡಿಗಳಲ್ಲಿ ವಿಚಾರಿಸಿ ಎಂದು ನಾನು ಹೇಳುವುದು ಇದಕ್ಕೇ. ಮುಂದಿನ ಚಕ್ರಕ್ಕೆ ಒಂದಳತೆ, ಹಿಂದಿನದಕ್ಕೆ ಇನ್ನೊಂದಳತೆ ಇರುವ 18 ಇಂಚಿನ ಎಂ ಸ್ಪೋರ್ಟ್ ಮಾದರಿಯಾದರೆ ಇನ್ನೂ ಮುಖ್ಯ. ಅಂಥ ಟೈರುಗಳನ್ನು ಹಿಂದೆ ಮುಂದೆ ಅದಲುಬದಲು ಮಾಡುವಂತೆಯೂ ಇಲ್ಲ.

ಬೋಳಾದ ಟೈರಿನ ಮೇಲೆ ಬಿಸಿ ಬ್ಲೇಡಿನಿಂದ ಮತ್ತೆ ಗೆರೆ ಕೆತ್ತಿ ಮಾರುವ ದಂಧೆಯೊಂದಿದೆ. ಅದನ್ನು ಪತ್ತೆಹಚ್ಚುವುದು ಸುಲಭ. ಟೈರಿನ ಗೆರೆಗಳ ತಳದಲ್ಲಿ ಅಲ್ಲಲ್ಲಿ ಅಡ್ಡಲಾಗಿ ಸಣ್ಣ ದಿಬ್ಬಗಳಿರುತ್ತವೆ, 1.6 ಮಿ.ಮೀ. ಎತ್ತರದವು. ಸವೆದ ಬಟನ್ ಆ ದಿಬ್ಬದ ಮಟ್ಟಕ್ಕೆ ಬಂದರೆ ಟೈರು ಮುಗಿಯಿತೆಂದು ಲೆಕ್ಕ. ಕೆತ್ತಿದ ಟೈರಿನಲ್ಲಿ ಈ ದಿಬ್ಬಗಳು ಇರುವುದಿಲ್ಲ, ಇದ್ದರೂ ಕತ್ತರಿಸಿಹೋಗಿರುತ್ತವೆ. ಹೊಸ ಟೈರಿನ ಬಟನ್ 7-8 ಮಿ.ಮೀ. ಇರುತ್ತದೆ. ಕಾನೂನು 1.6ರವರೆಗೆ ಬಿಡುತ್ತದೆ, ಮಳೆ ಬಿಡುವುದಿಲ್ಲ. ಗೆರೆಗಳಿರುವುದೇ ನೀರನ್ನು ಪಕ್ಕಕ್ಕೆ ತಳ್ಳಲು. ಆಳ ಕಡಿಮೆಯಾದಂತೆ ನೀರು ಹೋಗಲು ದಾರಿಯಿಲ್ಲದೆ ಟೈರು ನೀರಿನ ಪದರದ ಮೇಲೆ ತೇಲುತ್ತದೆ. ಆಗ ಸ್ಟೀರಿಂಗ್ ತಿರುಗಿಸಿದರೂ ಒಂದೇ, ಬಿಟ್ಟರೂ ಒಂದೇ. ಮಲೆನಾಡು, ಕರಾವಳಿಗಳಲ್ಲಿ ಓಡಾಡುವವರು 3 ಮಿ.ಮೀ.ಗೇ ಬದಲಿಸುವುದು ಒಳ್ಳೆಯದು.

ಎರಡೇ ಟೈರು ಬದಲಿಸುವ ಶಕ್ತಿ ಇದ್ದರೆ ಹೊಸವನ್ನು ಎಲ್ಲಿ ಹಾಕಿಸಬೇಕು? ಹತ್ತರಲ್ಲಿ ಒಂಬತ್ತು ಜನ ಮುಂದಕ್ಕೆ ಎನ್ನುತ್ತಾರೆ. ಹಿಂದಕ್ಕೆ ಹಾಕಿಸಬೇಕು. ಮುಂದಿನವು ಜಾರಿದರೆ ಕಾರು ನೇರ ಹೋಗುತ್ತದೆ, ಕಾಲು ಎತ್ತಿದರೆ ಹಿಡಿತ ಮರಳುತ್ತದೆ. ಹಿಂದಿನವು ಜಾರಿದರೆ ಕಾರು ಬುಗುರಿಯಂತೆ ತಿರುಗುತ್ತದೆ, ಅದನ್ನು ಹಿಡಿದು ನಿಲ್ಲಿಸುವ ಕೈಚಳಕ ನಮ್ಮಲ್ಲಿ ಬಹುಪಾಲು ಜನಕ್ಕೆ ಇಲ್ಲ. ಶಿರಾಡಿಯಲ್ಲಿ ನನಗಾದದ್ದು ಅದೇ. 2016ರ ಮುದಿ ಟೈರುಗಳು ಹಿಂದಿದ್ದವು.

ಗಾಳಿಯನ್ನು ಬೆಳಿಗ್ಗೆ, ಕಾರು ಓಡುವ ಮೊದಲು ನೋಡಬೇಕು. ಓಡಿದ ಮೇಲೆ ಬಿಸಿಯಾಗಿ ಒತ್ತಡ ಏರಿರುತ್ತದೆ, ಆಗ ಇಳಿಸಿದರೆ ತಣ್ಣಗಾದಾಗ ಕಡಿಮೆಯಾಗಿರುತ್ತದೆ. ಬೇಸಿಗೆಯಲ್ಲಿ ಟೈರು ಸಿಡಿಯದಿರಲೆಂದು ಗಾಳಿ ಕಡಿಮೆ ಹೊಡೆಸುವವರಿದ್ದಾರೆ. ಆಗುವುದು ಉಲ್ಟಾ. ಗಾಳಿ ಕಡಿಮೆಯಾದ ಟೈರಿನ ಪಕ್ಕೆ ಒಂದೊಂದು ಸುತ್ತಿಗೂ ಹೆಚ್ಚು ಬಗ್ಗಿ, ಬಿಸಿಯೇರಿ, ಅದೇ ಸಿಡಿಯುತ್ತದೆ. ನೈಟ್ರೋಜನ್ ಬೇಕೇ ಎಂದು ಕೇಳುತ್ತಾರೆ. ಹಾಕಿಸಿದರೆ ನಷ್ಟವಿಲ್ಲ, ಆದರೆ ನಾವು ಉಸಿರಾಡುವ ಗಾಳಿಯಲ್ಲೇ ಶೇ 78ರಷ್ಟು ನೈಟ್ರೋಜನ್ ಇದೆ. ಹದಿನೈದು ದಿನಕ್ಕೊಮ್ಮೆ ಗೇಜು ಹಿಡಿಯುವವರಿಗೆ ಮಾಮೂಲಿ ಗಾಳಿ ಸಾಕು. ಈ ಕಾರಿನಲ್ಲಿ ಗಾಳಿ ಹೊಡೆಸಿದ ಮೇಲೆ ಪರದೆಯ ಮೆನುವಿನಲ್ಲಿ ರೀಸೆಟ್ ಒತ್ತಬೇಕು. ಚಕ್ರಗಳು ತಿರುಗುವ ವೇಗವನ್ನು ಹೋಲಿಸಿ ಗಾಳಿ ಇಳಿದದ್ದನ್ನು ಕಂಡುಹಿಡಿಯುವ ವ್ಯವಸ್ಥೆ ಅದು. ರೀಸೆಟ್ ಮಾಡದಿದ್ದರೆ ತಪ್ಪು ಅಳತೆಯನ್ನೇ ಸರಿಯೆಂದು ನಂಬಿಕೊಂಡಿರುತ್ತದೆ.

ಅಲೈನ್‌ಮೆಂಟ್ ಮಾಡಿಸುವಾಗ ಹಿಂದಿನ ಚಕ್ರಗಳದ್ದನ್ನೂ ಮಾಡಿಸಿ. ಈ ಕಾರಿನ ಹಿಂದಿನ ಚಕ್ರಗಳು ಮೇಲ್ಭಾಗದಲ್ಲಿ ಸ್ವಲ್ಪ ಒಳಕ್ಕೆ ವಾಲಿರುವುದರಿಂದ ಟೈರಿನ ಒಳಅಂಚು ಮೊದಲು ಸವೆಯುತ್ತದೆ. ಹೊರಗಿನಿಂದ ನೋಡಿದರೆ ಬಟನ್ ಚೆನ್ನಾಗಿರುತ್ತದೆ, ಲಿಫ್ಟಿಗೆ ಏರಿಸಿದರೆ ಒಳಗಡೆ ತಂತಿ ಕಾಣುತ್ತಿರುತ್ತದೆ.

ಕಿವಿಗಿಟ್ಟ ಸ್ಕ್ರೂಡ್ರೈವರ್

ಟೈರಿನೊಳಗಿನ ಒತ್ತಡ ಎರಡು ಬಾರ್ ಚಿಲ್ಲರೆ. ಇದೇ ಕಾರಿನ ಇಂಜೆಕ್ಟರುಗಳಲ್ಲಿ ಡೀಸೆಲ್ ಸಿಡಿಯುವುದು 1600 ಬಾರ್‌ಗೂ ಮೀರಿದ ಒತ್ತಡದಲ್ಲಿ. ಅಷ್ಟು ಒತ್ತಡದಲ್ಲಿ ಕೆಲಸ ಮಾಡುವ ಭಾಗಗಳ ನಡುವಿನ ಸಂದು ಮಿಲಿಮೀಟರಿನ ಸಾವಿರದ ಭಾಗಗಳಲ್ಲಿ ಅಳೆಯುವಂಥದು. ಒಂದು ಹನಿ ನೀರು, ಒಂದು ಕಣ ಧೂಳು ಸಾಕು. ಡೀಸೆಲ್ ಫಿಲ್ಟರನ್ನು ಇಪ್ಪತ್ತು ಸಾವಿರ ಕಿ.ಮೀ.ಗೆ ಬದಲಿಸಿ, ಜನ ಹೆಚ್ಚು ಬರುವ ಬಂಕಿನಲ್ಲೇ ಇಂಧನ ಹಾಕಿಸಿ, ಟ್ಯಾಂಕನ್ನು ತಳ ಕಾಣುವವರೆಗೆ ಖಾಲಿ ಮಾಡಬೇಡಿ.

ಈ ಡೀಸೆಲ್ ಪಂಪಿನ ವಿದ್ಯೆಯಲ್ಲಿ ಬೆಂಗಳೂರಿಗೆ ಹಳೆಯ ಹೆಸರಿದೆ. 1951ರಲ್ಲಿ ಆರಂಭವಾದ ಮೈಕೊ, ಆಡುಗೋಡಿಯ ಕಾರ್ಖಾನೆಯಲ್ಲಿ ಸ್ಪಾರ್ಕ್ ಪ್ಲಗ್ಗುಗಳನ್ನೂ ಡೀಸೆಲ್ ಪಂಪುಗಳನ್ನೂ ಮಾಡಿತು. ಕಂಪನಿಯ ಹೆಸರು 2008ರಲ್ಲಿ ಬಾಷ್ ಎಂದಾದರೂ ಬಡಾವಣೆಗೆ ಈಗಲೂ ಮೈಕೊ ಲೇಔಟ್ ಎಂದೇ ಹೆಸರು. ಅಲ್ಲಿ ಕೆಲಸ ಕಲಿತವರು ಊರೂರಿನಲ್ಲಿ ಪಂಪ್ ರಿಪೇರಿ ಅಂಗಡಿ ಇಟ್ಟರು. ಇಂಜೆಕ್ಟರ್ ಪರೀಕ್ಷಿಸುವ ಯಂತ್ರ ಇಟ್ಟುಕೊಂಡ ಅಂಥ ಒಬ್ಬರು ಪರಿಚಯವಿದ್ದರೆ ಬಹಳ ದುಡ್ಡು ಉಳಿಯುತ್ತದೆ. ನಾಲ್ಕೂ ಇಂಜೆಕ್ಟರ್ ಹೊಸದು ಹಾಕಬೇಕು ಎಂದು ದೊಡ್ಡ ವರ್ಕ್‌ಶಾಪೊಂದು ನನಗೆ ಅಂದಾಜು ಪಟ್ಟಿ ಕೊಟ್ಟಿತ್ತು. ಪರೀಕ್ಷಿಸಿದಾಗ ಕೆಟ್ಟಿದ್ದದ್ದು ಒಂದು.

ಪೀಣ್ಯದ ಕಡೆಯ ನನ್ನ ಮೆಕ್ಯಾನಿಕ್ ಮೊದಲ ಸಲ ಕಾರು ನೋಡಿದ್ದು ಬೆಳಿಗ್ಗೆ ಏಳಕ್ಕೆ. "ರಾತ್ರಿಯೇ ತಂದು ಬಿಡಿ ಸಾರ್, ತಣ್ಣಗಿರೋ ಎಂಜಿನ್ ನಾನೇ ಸ್ಟಾರ್ಟ್ ಮಾಡಬೇಕು" ಎಂದಿದ್ದರು. ಸ್ಟಾರ್ಟ್ ಮಾಡಿ, ಉದ್ದದ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿನ ಹಿಂಭಾಗಕ್ಕೆ ಒತ್ತಿ, ಹಿಡಿಯನ್ನು ಕಿವಿಗಿಟ್ಟುಕೊಂಡು ಕಣ್ಣು ಮುಚ್ಚಿ ನಿಂತರು. ಒಂದು ನಿಮಿಷ ಯಾರೂ ಮಾತಾಡಲಿಲ್ಲ. ಆಮೇಲೆ ನನ್ನನ್ನು ಕರೆದು ಕೇಳಿಸಿದರು. ಒಳಗೆ ಒಂದೇ ಲಯದ ಸದ್ದು. "ಗೆಜ್ಜೆ ಅಲ್ಲಾಡಿಸಿದಂಗೆ ಕೇಳಿದರೆ ಚೈನ್ ಹೋಗಿದೆ ಅಂತ. ಇದು ಚೆನ್ನಾಗಿದೆ" ಎಂದರು.

ಎನ್47 ಎಂಬ ಈ ಎಂಜಿನ್ನಿನ ದೊಡ್ಡ ದೌರ್ಬಲ್ಯ ಅದೇ ಟೈಮಿಂಗ್ ಚೈನ್. ಸಾಮಾನ್ಯವಾಗಿ ಎಂಜಿನ್ನಿನ ಮುಂಬದಿ ಇರುವ ಚೈನನ್ನು ಇದರಲ್ಲಿ ಹಿಂಬದಿ, ಗೇರ್‌ಬಾಕ್ಸ್ ಕಡೆ ಇಟ್ಟಿದ್ದಾರೆ. ಸಡಿಲವಾಗಿ ಕಡಿದರೆ ಎಂಜಿನ್ ಪುಡಿಯಾಗುತ್ತದೆ. ಬದಲಿಸಬೇಕೆಂದರೆ ಗೇರ್‌ಬಾಕ್ಸನ್ನೋ ಇಡೀ ಎಂಜಿನ್ನನ್ನೋ ಇಳಿಸಬೇಕು. ಮೊದಮೊದಲ ಎಂಜಿನ್‌ಗಳಲ್ಲಿ ಈ ತೊಂದರೆ ಹೆಚ್ಚು, ನಂತರದವುಗಳಲ್ಲಿ ಕಡಿಮೆ. ಚೈನಿನ ಆಯಸ್ಸು ಹೆಚ್ಚಿಸಲು ನಮ್ಮ ಕೈಯಲ್ಲಿರುವುದು ಆಯಿಲ್ ಒಂದೇ. ಕಂಪನಿಯ ಲೆಕ್ಕದಲ್ಲಿ ಆಯಿಲ್ 25 ಸಾವಿರ ಕಿ.ಮೀ. ಬರುತ್ತದೆ. ನಮ್ಮ ಧೂಳು, ಬಿಸಿಲು, ಟ್ರಾಫಿಕ್ಕಿನಲ್ಲಿ ಅದನ್ನು ನಂಬಬಾರದು. ಹತ್ತು ಸಾವಿರಕ್ಕೊಮ್ಮೆ ಅಥವಾ ವರ್ಷಕ್ಕೊಮ್ಮೆ, ಲಾಂಗ್‌ಲೈಫ್-04 ಎಂದು ಡಬ್ಬದ ಮೇಲೆ ಬರೆದಿರುವ ಆಯಿಲ್, 5.2 ಲೀಟರ್. ಬೇರೆಲ್ಲಿ ಉಳಿಸಿದರೂ ಇಲ್ಲಿ ಉಳಿಸಬೇಡಿ.

ಇನ್ನೊಂದು ಇಜಿಆರ್ ಕೂಲರ್. ಹೊಗೆಯ ಒಂದು ಭಾಗವನ್ನು ತಣಿಸಿ ಮತ್ತೆ ಎಂಜಿನ್ನಿಗೆ ಕಳಿಸುವ ಭಾಗ ಅದು. 2018ರಲ್ಲಿ ದಕ್ಷಿಣ ಕೊರಿಯಾದಲ್ಲಿ ಬಿಎಂಡಬ್ಲ್ಯು ಡೀಸೆಲ್ ಕಾರುಗಳು ಒಂದಾದ ಮೇಲೊಂದು ಹೊತ್ತಿ ಉರಿದದ್ದು ಇದರಿಂದ. ಕೂಲರಿನಿಂದ ಸೋರಿದ ಕೂಲಂಟ್ ಮಸಿಯ ಜೊತೆ ಸೇರಿ ಬಿಸಿ ಹೊಗೆಗೆ ಹತ್ತಿಕೊಳ್ಳುತ್ತಿತ್ತು. ಆ ವರ್ಷ ಜಗತ್ತಿನಾದ್ಯಂತ ಸುಮಾರು 16 ಲಕ್ಷ ಕಾರುಗಳನ್ನು ದುರಸ್ತಿಗೆ ವಾಪಸ್ ಕರೆಯಲಾಯಿತು. ಹಳೆಯ ಡೀಸೆಲ್ ಕೊಂಡವರು ಚಾಸಿ ನಂಬರು ಕೊಟ್ಟು, ಈ ಕೆಲಸ ಆಗಿದೆಯೇ ಎಂದು ಕಂಪನಿಯ ಸರ್ವಿಸ್ ಸೆಂಟರಿನಲ್ಲಿ ಕೇಳಬೇಕು. ಕೂಲಂಟ್ ಮಟ್ಟ ಕಾರಣವಿಲ್ಲದೆ ಇಳಿಯುತ್ತಿದ್ದರೆ ನೀರು ತುಂಬಿಸಿಕೊಂಡು ಓಡಿಸುತ್ತಾ ಇರಬೇಡಿ.

ಗೇರ್‌ಬಾಕ್ಸಿನ ಆಯಿಲ್ ಜೀವಮಾನಕ್ಕೆ ಸಾಕು ಎಂಬ ಮಾತೂ ಚಾಲ್ತಿಯಲ್ಲಿದೆ. ಆ ಗೇರ್‌ಬಾಕ್ಸ್ ಮಾಡಿದ ಝಡ್‌ಎಫ್ ಕಂಪನಿಯೇ 80 ಸಾವಿರದಿಂದ 1.2 ಲಕ್ಷ ಕಿ.ಮೀ. ನಡುವೆ ಬದಲಿಸಿ ಎನ್ನುತ್ತದೆ. ಬ್ಯಾಟರಿ ಡಿಕ್ಕಿಯಲ್ಲಿದೆ. ಹೊಸದು ಹಾಕಿದಾಗ ಅದನ್ನು ಕಾರಿನ ಕಂಪ್ಯೂಟರಿಗೆ ತಿಳಿಸಬೇಕು, ಇಲ್ಲದಿದ್ದರೆ ಹಳೆಯದಕ್ಕೆ ಮಾಡಿದಂತೆಯೇ ಚಾರ್ಜ್ ಮಾಡಿ ಹಾಳು ಮಾಡುತ್ತದೆ. ಬ್ರೇಕ್ ಆಯಿಲ್ ಗಾಳಿಯಿಂದ ತೇವ ಹೀರುತ್ತದೆ. ಘಟ್ಟ ಇಳಿಯುವವರು ಎರಡು ವರ್ಷಕ್ಕೊಮ್ಮೆ ತಪ್ಪದೆ ಬದಲಿಸಬೇಕು.

ಕೊಳ್ಳುವ ಮೊದಲು ಮ್ಯಾಟ್ ಎತ್ತಿ, ಕೆಳಗಿನ ಕಾರ್ಪೆಟ್ಟಿಗೆ ಮೂಗು ಹಿಡಿದು ನೋಡಿ. ಸೀಟಿನ ಕೆಳಗಿನ ಹಳಿಗಳಲ್ಲಿ ತುಕ್ಕು ಇದೆಯೇ ನೋಡಿ. 2015ರ ಡಿಸೆಂಬರಿನಲ್ಲಿ ಚೆನ್ನೈ ಮುಳುಗಿತ್ತು, 2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಶ್ರೀಮಂತ ಬಡಾವಣೆಗಳೇ ಮುಳುಗಿ ಐಷಾರಾಮಿ ಕಾರುಗಳು ನೀರಿನಲ್ಲಿ ತೇಲಿದ್ದನ್ನು ಟಿ.ವಿ.ಯಲ್ಲಿ ಎಲ್ಲರೂ ನೋಡಿದೆವು. ನೀರು ಕುಡಿದ ಕಾರು ಒಣಗಿದ ಮೇಲೆ ಎಲ್ಲೋ ಒಂದು ಕಡೆ ಮಾರಾಟಕ್ಕೆ ನಿಂತಿರುತ್ತದೆ. ದೆಹಲಿಯಲ್ಲಿ ಹತ್ತು ವರ್ಷ ಮೀರಿದ ಡೀಸೆಲ್ ಕಾರುಗಳನ್ನು ಓಡಿಸುವಂತಿಲ್ಲ ಎಂಬ ಆದೇಶಗಳಾದ ಮೇಲೆ ಅಲ್ಲಿಂದ ದಕ್ಷಿಣಕ್ಕೆ ಅಗ್ಗದ ಕಾರುಗಳು ಹರಿದು ಬಂದಿವೆ. ನಿರಾಕ್ಷೇಪಣಾ ಪತ್ರ, ಇಲ್ಲಿನ ಜೀವಾವಧಿ ತೆರಿಗೆ, ಮರುನೋಂದಣಿ ಎಲ್ಲ ಲೆಕ್ಕ ಹಾಕಿದ ಮೇಲೆ ಆ ಅಗ್ಗ ಎಷ್ಟು ಉಳಿಯುತ್ತದೆ ನೋಡಿಕೊಳ್ಳಿ.

ಇನ್ನು ಕೆಲವರು ಈ ಕಾರನ್ನು ಕೊಳ್ಳಲೇಬಾರದು. ದಿನಕ್ಕೆ ಎಂಟು ಹತ್ತು ಕಿಲೋಮೀಟರ್, ಮನೆಯಿಂದ ಆಫೀಸು, ಸಿಗ್ನಲ್ಲಿನಿಂದ ಸಿಗ್ನಲ್ಲಿಗೆ ಓಡಿಸುವವರು ಪೆಟ್ರೋಲ್ ಕಾರು ನೋಡಿಕೊಳ್ಳಲಿ. ಡೀಸೆಲ್ ಎಂಜಿನ್ ಪೂರ್ತಿ ಬಿಸಿಯಾಗದೆ ನಿಂತು ನಿಂತು ಓಡಿದರೆ ಒಳಗೆಲ್ಲ ಮಸಿ ಕಟ್ಟುತ್ತದೆ, ಆ ಮಸಿಯೇ ಇಜಿಆರ್ ಅನ್ನೂ ಮ್ಯಾನಿಫೋಲ್ಡನ್ನೂ ಮುಚ್ಚುತ್ತದೆ. ವಾರಕ್ಕೊಮ್ಮೆಯಾದರೂ ನೂರು ಕಿಲೋಮೀಟರ್ ಒಂದೇ ಉಸಿರಿಗೆ ಓಡಿಸುವವರಿಗೆ ಈ ಕಾರು.

ಓದುಗರಲ್ಲಿ ಒಂದು ಕೋರಿಕೆ. ನಿಮ್ಮದು ಯಾವ ಕಾರೇ ಇರಲಿ, ಬಿಡುವಾದಾಗ ಒಂದು ಕೆಲಸ ಮಾಡಿ. ಕೆಳಗಿಳಿದು ನಾಲ್ಕೂ ಟೈರುಗಳ ಪಕ್ಕೆಯ ಮೇಲಿನ ನಾಲ್ಕು ಅಂಕಿ ಓದಿ ಬರೆದಿಟ್ಟುಕೊಳ್ಳಿ. ಅಂಕಿ ಒಳಬದಿಗಿದ್ದರೆ ಟಾರ್ಚ್ ಹಿಡಿದು ಬಗ್ಗಿ ನೋಡಿ. ಆರು ವರ್ಷ ದಾಟಿದ್ದರೆ ಬಟನ್ ಎಷ್ಟೇ ಇರಲಿ, ತಿಳಿದವರಿಗೆ ತೋರಿಸಿ.

ನನ್ನ ಕಾರಿನವುಗಳ ಮೇಲೆ 1923 ಎಂದಿದೆ, 2023ರ ಮೇ ತಿಂಗಳಿನವು. ಕಳೆದ ವಾರ ಅಳೆದೆ. ಮುಂದಿನವು ನಾಲ್ಕೂವರೆ, ಹಿಂದಿನವು ಮೂರೂವರೆ ಮಿಲಿಮೀಟರ್ ಉಳಿದಿವೆ. ಈ ಸಲದ ಮಳೆ ಹಿಡಿಯುವ ಮೊದಲು ಹಿಂದಿನ ಎರಡಕ್ಕೂ ಹೊಸದು ತರಿಸಿಡಲು ಭಾಯ್‌ಗೆ ಹೇಳಿ ಬಂದಿದ್ದೇನೆ.